ಚಪ್ಪಾಳೆಗೆ ನಲವತ್ತು, ವಿಷಯಕ್ಕೆ ಹತ್ತು

ಕಳೆದ ನವೆಂಬರ್ 26ರಂದು, ನಾನು ಅಭ್ಯಾಸ ಬೋಧನೆಗೆ ಹೋಗಿದ್ದ ಪ್ರೌಢಶಾಲೆಯಲ್ಲಿ ಸಂವಿಧಾನ ದಿನದ ಭಾಷಣ ಸ್ಪರ್ಧೆ ಇತ್ತು. ಮೂವರು ತೀರ್ಪುಗಾರರಲ್ಲಿ ಒಬ್ಬರು ರಜೆಯಲ್ಲಿದ್ದರು. ಆ ಅವಧಿಯಲ್ಲಿ ನನಗೆ ಪಾಠವಿರಲಿಲ್ಲವಾದ್ದರಿಂದ ಅವರ ಜಾಗಕ್ಕೆ ನನ್ನನ್ನು ಕೂರಿಸಿದರು. ನಾನು ಗಣಿತ ಮತ್ತು ಭೌತವಿಜ್ಞಾನದ ಪ್ರಶಿಕ್ಷಣಾರ್ಥಿ. ಭಾಷಣಕ್ಕೂ ನನಗೂ ದೂರ. ಆದರೂ ಕೈಗೆ ಒಂದು ಅಂಕಪಟ್ಟಿ ಬಂದ ಮೇಲೆ ಧೈರ್ಯ ಬಂತು. ಉಚ್ಚಾರಣೆ 10, ಧ್ವನಿಯ ಏರಿಳಿತ 10, ಹಾವಭಾವ 10, ಸಭಾಧೈರ್ಯ 10, ವಿಷಯ 10. ಒಟ್ಟು 50.

ಒಂಬತ್ತನೇ ತರಗತಿಯ ಒಬ್ಬ ಹುಡುಗ ಬಂದು ಮೈಕು ಹಿಡಿದ. ಡಾ. ಬಿ.ಆರ್. ಅಂಬೇಡ್ಕರ್ ಅವರು ಒಬ್ಬರೇ ಹಗಲಿರುಳು ಕೂತು ಸಂವಿಧಾನ ಬರೆದರು ಎಂದು ಹೇಳುವಾಗ ಅವನ ಗಂಟಲು ನಡುಗಿತು. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಅವನ ನಂತರ ಬಂದ ಹುಡುಗಿ ಚೀಟಿ ನೋಡಿಕೊಂಡು, ತಲೆ ತಗ್ಗಿಸಿ ಮಾತಾಡಿದಳು. ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಅಂಬೇಡ್ಕರ್ ಅವರೇ ತಮ್ಮ ಕೊನೆಯ ಭಾಷಣದಲ್ಲಿ ಬಿ.ಎನ್. ರಾವ್ ಮತ್ತು ಎಸ್.ಎನ್. ಮುಖರ್ಜಿ ಅವರ ಹೆಸರು ಹೇಳಿ, ಈ ಕೆಲಸದ ಶ್ರೇಯಸ್ಸು ಅವರಿಗೂ ಸೇರಬೇಕು ಎಂದಿದ್ದರು ಎಂಬುದು ಅವಳ ಮಾತಿನ ಸಾರ. ಅವಳ ಧ್ವನಿ ಮೂರನೇ ಸಾಲು ದಾಟಲಿಲ್ಲ. ಹುಡುಗನಿಗೆ ನಾನು 46 ಹಾಕಿದೆ, ಅವಳಿಗೆ 24.

ಬಹುಮಾನ ಕೊಟ್ಟು ಮುಗಿದ ಮೇಲೆ ಅವಳು ಬಂದು ಕೇಳಿದ್ದು ಒಂದೇ ಮಾತು: "ಮಿಸ್, ನಾನು ಹೇಳಿದ್ದು ತಪ್ಪಾ?"

ತಪ್ಪಿರಲಿಲ್ಲ. ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್ ಅವರು ಸಂವಿಧಾನ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದ್ದರು. ಮುಖರ್ಜಿ ಅವರು ಅದರ ಮುಖ್ಯ ಕರಡುಗಾರರು. ಹಾಗೆಂದು ಹುಡುಗನ ಮಾತೂ ಪೂರ್ತಿ ಸುಳ್ಳಲ್ಲ. ಕರಡು ಸಮಿತಿಯ ಏಳು ಸದಸ್ಯರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಹೀಗಾಗಿ ಭಾರವೆಲ್ಲ ಅಂಬೇಡ್ಕರ್ ಅವರ ಹೆಗಲ ಮೇಲೆ ಬಿತ್ತು ಎಂದು ಸದಸ್ಯರಾಗಿದ್ದ ಟಿ.ಟಿ. ಕೃಷ್ಣಮಾಚಾರಿ ಅವರೇ 1948ರ ನವೆಂಬರ್ 5ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಎರಡು ಸಾಕ್ಷ್ಯಗಳೂ ಸಭೆಯ ನಡಾವಳಿಯಲ್ಲೇ ಇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯ ಪಾಠವಾಗುತ್ತಿತ್ತು. ಆದರೆ ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. 50ರಲ್ಲಿ 40 ಅಂಕ ಹೇಗೆ ಹೇಳಿದರು ಎಂಬುದಕ್ಕೆ. ಏನು ಹೇಳಿದರು ಎಂಬುದಕ್ಕೆ 10. ಹೇಳಿದ್ದಕ್ಕೆ ಆಧಾರ ಏನು ಎಂಬುದಕ್ಕೆ ಸೊನ್ನೆ.

ಈ ಲೇಖನ ಆ ಪಟ್ಟಿಯ ಬಗ್ಗೆ. ರಾಜಕೀಯ ಭಾಷಣಗಳು ಜನರ ಮನಸ್ಸನ್ನು ಹೇಗೆ ಒಲಿಸಿಕೊಳ್ಳುತ್ತವೆ ಎಂಬುದನ್ನು ನಾವು ಮಕ್ಕಳಿಗೆ ಕಲಿಸುವುದಿಲ್ಲ. ಅದರ ಬದಲು, ಒಲಿಸಿಕೊಂಡವರಿಗೆ ಬಹುಮಾನ ಕೊಡುವುದನ್ನು ಕಲಿಸುತ್ತಿದ್ದೇವೆ ಎಂಬುದು ನನ್ನ ವಾದ.

ಮೂರು ದಾರಿಗಳು

ಮಾತಿನಿಂದ ಒಬ್ಬರನ್ನು ಒಪ್ಪಿಸಲು ಮೂರು ದಾರಿಗಳಿವೆ ಎಂದು ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ‘ರೆಟರಿಕ್’ ಗ್ರಂಥದಲ್ಲಿ ವಿಂಗಡಿಸಿದ. ಒಂದು ಲೋಗೋಸ್, ಅಂದರೆ ತರ್ಕ. ಇನ್ನೊಂದು ಪೇಥೋಸ್, ಅಂದರೆ ಕೇಳುವವರ ಭಾವನೆ. ಮೂರನೆಯದು ಈಥೋಸ್, ಅಂದರೆ ಹೇಳುವವರ ಮೇಲಿನ ನಂಬಿಕೆ. ವಿಜ್ಞಾನ ಓದಿದ ನಮ್ಮಂಥವರು ಇದನ್ನು ಕೇಳಿದ ಕೂಡಲೇ ತೀರ್ಪು ಕೊಟ್ಟುಬಿಡುತ್ತೇವೆ: ತರ್ಕ ಒಳ್ಳೆಯದು, ಭಾವನೆ ಮೋಸ, ನಂಬಿಕೆ ಮೂಢತನ. ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ನನ್ನದೇ ಅನುಭವ ಬೇರೆ ಹೇಳುತ್ತದೆ. ಮೊದಲ ಸಲ ಓಟು ಹಾಕುವ ಮುನ್ನ ಗೆಳತಿಯರ ಜೊತೆ ಒಂದು ಬಹಿರಂಗ ಸಭೆಗೆ ಹೋಗಿದ್ದೆ. ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದೆ. ಇವತ್ತು ಆ ಭಾಷಣದ ಒಂದು ಕಾರಣವಾಗಲಿ, ಒಂದು ಅಂಕಿಯಾಗಲಿ ನೆನಪಿಲ್ಲ. ಮೈ ಜುಮ್ಮೆಂದದ್ದು ಮಾತ್ರ ನೆನಪಿದೆ. ಬಿಎಸ್ಸಿ ಓದು ನನ್ನನ್ನು ಕಾಪಾಡಲಿಲ್ಲ. ಯಾಕೆಂದರೆ ಪ್ರಯೋಗಾಲಯದಲ್ಲಿ ಅಳೆಯುವುದನ್ನು ಕಲಿತಿದ್ದೆ, ಸಭೆಯಲ್ಲಿ ಅಳೆಯುವುದನ್ನು ಯಾರೂ ಕಲಿಸಿರಲಿಲ್ಲ.

ಹಾಗಾಗಿ ಸ್ಪರ್ಧೆಯ ಮರುವಾರ ಸಿಕ್ಕ ಎರಡು ಖಾಲಿ ಅವಧಿಗಳಲ್ಲಿ, ಆ ಹುಡುಗಿ ಹೇಳಿದ್ದ ಅದೇ ಭಾಷಣವನ್ನು ತರಗತಿಗೆ ತೆಗೆದುಕೊಂಡು ಹೋದೆ. 1949ರ ನವೆಂಬರ್ 25ರಂದು ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣ ಅದು. ಮರುದಿನ ಸಭೆ ಸಂವಿಧಾನವನ್ನು ಅಂಗೀಕರಿಸಿತು.

ತರ್ಕ: ಬಿಟ್ಟುಹೋದ ಹಂತ ಹುಡುಕುವುದು

ಸಂವಿಧಾನ ಸಭೆ ತುಂಬಾ ಕಾಲ ತೆಗೆದುಕೊಂಡಿತು, ಹಣ ಪೋಲು ಮಾಡಿತು ಎಂಬ ಟೀಕೆ ಆಗ ಇತ್ತು. ಅದಕ್ಕೆ ಅಂಬೇಡ್ಕರ್ ಅಂಕಿಗಳಿಂದ ಉತ್ತರ ಕೊಟ್ಟರು. ನಮ್ಮ ಸಭೆ 1946ರ ಡಿಸೆಂಬರ್ 9ರಂದು ಸೇರಿತು. ಇವತ್ತಿಗೆ 2 ವರ್ಷ 11 ತಿಂಗಳು 17 ದಿನ. ಅಮೆರಿಕ ನಾಲ್ಕು ತಿಂಗಳಲ್ಲಿ ಮುಗಿಸಿತು, ಕೆನಡಾಕ್ಕೆ 2 ವರ್ಷ 5 ತಿಂಗಳು, ಆಸ್ಟ್ರೇಲಿಯಾಕ್ಕೆ 9 ವರ್ಷ, ದಕ್ಷಿಣ ಆಫ್ರಿಕಾಕ್ಕೆ 1 ವರ್ಷ. ಆದರೆ ನಮ್ಮದು 395 ವಿಧಿಗಳ ಸಂವಿಧಾನ. ಕೆನಡಾದ್ದು 147, ಆಸ್ಟ್ರೇಲಿಯಾದ್ದು 128, ದಕ್ಷಿಣ ಆಫ್ರಿಕಾದ್ದು 153. ಅಮೆರಿಕದ್ದು ಏಳೇ ವಿಧಿ, ಮೊದಲ ನಾಲ್ಕರ ಒಳಗೆ 21 ಭಾಗಗಳು. ಅವರಿಗೆ ತಿದ್ದುಪಡಿಗಳ ಕಾಟವಿರಲಿಲ್ಲ. ನಮ್ಮ ಸಭೆ 2,473 ತಿದ್ದುಪಡಿಗಳನ್ನು ಚರ್ಚಿಸಬೇಕಾಯಿತು.

ಇದಿಷ್ಟನ್ನು ಕಪ್ಪುಹಲಗೆಯ ಮೇಲೆ ಕೋಷ್ಟಕ ಮಾಡಿ ಬರೆದೆ. ಮೊದಲ ತಕರಾರು 17 ದಿನದ್ದೇ. ಪುಸ್ತಕಗಳಲ್ಲಿ 18 ದಿನ ಎಂದಿದೆಯಲ್ಲ ಎಂದರು. ಲೆಕ್ಕ ಹಾಕಿಸಿದೆ. ಡಿಸೆಂಬರ್ 9ನ್ನೂ ಸೇರಿಸಿ ಎಣಿಸಿದರೆ ಭಾಷಣದ ದಿನಕ್ಕೆ 17, ಅಂಗೀಕಾರದ ದಿನಕ್ಕೆ 18. ಎರಡೂ ಸರಿ. ಅಂಕಿ ಎರಡಾದರೆ ಒಬ್ಬರು ಸುಳ್ಳು ಹೇಳಿದ್ದಾರೆ ಎಂದು ಅರ್ಥವಲ್ಲ, ಯಾವತ್ತಿನವರೆಗೆ ಎಣಿಸಿದ್ದಾರೆ ಎಂದು ಕೇಳಬೇಕು ಎಂಬುದು ಅಷ್ಟರಲ್ಲೇ ಮಕ್ಕಳಿಗೆ ಹೊಳೆಯಿತು.

ಆಮೇಲೆ ಎದ್ದು ನಿಂತವನು ಸ್ಪರ್ಧೆಯಲ್ಲಿ ಗೆದ್ದ ಹುಡುಗನೇ. "ಮಿಸ್, ಇಲ್ಲಿ ಏನೋ ಹೊಂದ್ತಾ ಇಲ್ಲ" ಎಂದ. ಅಂಬೇಡ್ಕರ್ ಅವರು ಮುಂದಿನ ವಾಕ್ಯದಲ್ಲಿ, ಅಮೆರಿಕ ಮತ್ತು ದಕ್ಷಿಣ ಆಫ್ರಿಕಾಕ್ಕಿಂತ ನಾವು ಹೆಚ್ಚು ಕಾಲ ತೆಗೆದುಕೊಂಡಿದ್ದು ನಿಜ, ಆದರೆ ಕೆನಡಾಕ್ಕಿಂತ ಹೆಚ್ಚು ತೆಗೆದುಕೊಂಡಿಲ್ಲ ಎನ್ನುತ್ತಾರೆ. "2 ವರ್ಷ 5 ತಿಂಗಳಿಗಿಂತ 2 ವರ್ಷ 11 ತಿಂಗಳು ಜಾಸ್ತಿ ತಾನೇ?"

ಜಾಸ್ತಿಯೇ. ಆ ಭಾಷಣವನ್ನು ನಾನು ಪಾಠ ಯೋಜನೆಗಾಗಿ ನಾಲ್ಕು ಸಲ ಓದಿದ್ದೆ. ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಅಂಬೇಡ್ಕರ್ ಅವರ ಮಾತು ಎಂಬ ಗೌರವದಲ್ಲಿ ಅಂಕಿಗಳ ಮೇಲೆ ಕಣ್ಣು ಜಾರಿಹೋಗಿತ್ತು. ಹುಡುಗ ಕೇಳಿದಾಗಲೂ ನನ್ನ ಬಾಯಿಗೆ ಮೊದಲು ಬಂದದ್ದು "ದೊಡ್ಡವರು ಹೇಳಿದ್ದಾರೆ, ಬೇರೆ ಏನೋ ಲೆಕ್ಕ ಇರಬೇಕು, ಕೂತ್ಕೋ" ಎಂಬ ಮಾತು. ಹೇಗೋ ತಡೆದುಕೊಂಡು, "ಸರಿ, ಆ ಒಂದು ವಾಕ್ಯ ತೆಗೆದುಬಿಡೋಣ. ವಾದ ಪೂರ್ತಿ ಬಿದ್ದುಹೋಗತ್ತಾ ನೋಡಿ" ಎಂದೆ.

ಮಕ್ಕಳು ಭಾಗಾಕಾರ ಮಾಡಿದರು. ಕೆನಡಾಕ್ಕೆ 29 ತಿಂಗಳು, 147 ವಿಧಿ. ಒಂದು ವಿಧಿಗೆ ಸುಮಾರು 6 ದಿನ. ನಮಗೆ 1,083 ದಿನ, 395 ವಿಧಿ. ಒಂದಕ್ಕೆ ಮೂರು ದಿನವೂ ಇಲ್ಲ. ಅಮೆರಿಕಕ್ಕೆ 116 ದಿನ. ಏಳು ವಿಧಿ ಎಂದು ಎಣಿಸಿದರೆ ಒಂದಕ್ಕೆ 16 ದಿನಕ್ಕೂ ಹೆಚ್ಚು. ಒಳಭಾಗಗಳನ್ನೂ ಎಣಿಸಿ 24 ಎಂದುಕೊಂಡರೆ ಐದು ದಿನದ ಹತ್ತಿರ. ಏಕಮಾನ ಬದಲಿಸಿದರೆ ಉತ್ತರ ಬದಲಾಗುತ್ತದೆ, ಆದರೆ ಎರಡೂ ರೀತಿಯಲ್ಲಿ ನಮ್ಮದೇ ವೇಗ ಹೆಚ್ಚು. ವಾಕ್ಯ ಬಿದ್ದರೂ ವಾದ ನಿಂತಿತು. ಅಷ್ಟರಲ್ಲಿ ಇನ್ನೊಬ್ಬಳು, "ಒಂದು ವಿಧಿ ಉದ್ದ ಇರ್ಬಹುದು, ಒಂದು ಗಿಡ್ಡ ಇರ್ಬಹುದು, ಎರಡನ್ನೂ ಒಂದೇ ಅಂತ ಎಣಿಸಬಹುದಾ ಮಿಸ್?" ಎಂದಳು. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ. ಇಲ್ಲ ಎಂದೇ ಹೇಳಿದೆ.

ಅರಿಸ್ಟಾಟಲ್ ಇನ್ನೊಂದು ಸೂಕ್ಷ್ಮ ಗಮನಿಸಿದ್ದ. ಭಾಷಣಕಾರರು ತರ್ಕದ ಎಲ್ಲ ಹಂತಗಳನ್ನೂ ಬಿಡಿಸಿ ಹೇಳುವುದಿಲ್ಲ. ಒಂದು ಹಂತವನ್ನು ಕೇಳುಗರೇ ತುಂಬಿಕೊಳ್ಳುತ್ತಾರೆ. "ನಾನೂ ಬಡವರ ಮನೆಯಲ್ಲೇ ಹುಟ್ಟಿದವನು, ನಿಮ್ಮ ಕಷ್ಟ ನಾನೇ ಬಗೆಹರಿಸುತ್ತೇನೆ" ಎಂಬ ಮಾತು ಯಾವ ಚುನಾವಣೆಯಲ್ಲೂ ಕೇಳಿಬರುವಂಥದ್ದು. ಬಡತನ ಕಂಡವರೆಲ್ಲ ಬಡತನ ಬಗೆಹರಿಸಬಲ್ಲರು ಎಂಬ ನಡುವಿನ ಹಂತ ಅದರಲ್ಲಿ ಇಲ್ಲ. ಅದನ್ನು ನಾವೇ ತುಂಬಿಕೊಳ್ಳುತ್ತೇವೆ. ನಾವೇ ತುಂಬಿದ್ದರಿಂದ ಅದು ನಮ್ಮದೇ ಆಲೋಚನೆ ಅನ್ನಿಸುತ್ತದೆ. ಗಣಿತದ ಉತ್ತರಪತ್ರಿಕೆಯಲ್ಲಿ ಹಂತ ಬಿಟ್ಟರೆ ಅಂಕ ಕಳೆಯುವ ನಾವು, ಭಾಷಣದಲ್ಲಿ ಹಂತ ಬಿಟ್ಟವರಿಗೆ ಚಪ್ಪಾಳೆ ತಟ್ಟುತ್ತೇವೆ. "ಎರಡು ಪಟ್ಟು ಮಾಡಿದ್ದೇವೆ" ಎಂಬ ಘೋಷಣೆಯೂ ಅಂಥದ್ದೇ. ಎರಡಿದ್ದದ್ದು ನಾಲ್ಕಾದರೂ ಎರಡು ಪಟ್ಟು, ಎರಡು ಸಾವಿರ ನಾಲ್ಕು ಸಾವಿರವಾದರೂ ಎರಡು ಪಟ್ಟು. ಇದನ್ನು ಹಿಡಿಯಲು ರಾಜಕೀಯಶಾಸ್ತ್ರ ಬೇಕಿಲ್ಲ, ಶೇಕಡಾವಾರು ಪಾಠ ಸಾಕು.

ಭಾವನೆ: ಕಾರಣ, ಪ್ರಮಾಣ, ಬೇಡಿಕೆ

ಎರಡನೇ ಅವಧಿಗೆ ಭಾಷಣದ ಇನ್ನೊಂದು ಭಾಗ ತೆಗೆದುಕೊಂಡೆ. 1950ರ ಜನವರಿ 26ರಿಂದ ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತೇವೆ ಎನ್ನುತ್ತಾರೆ ಅಂಬೇಡ್ಕರ್. ರಾಜಕೀಯದಲ್ಲಿ ಒಬ್ಬರಿಗೆ ಒಂದು ಓಟು, ಪ್ರತಿ ಓಟಿಗೂ ಒಂದೇ ಬೆಲೆ. ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಮಾತ್ರ ಅಸಮಾನತೆ. ಇದನ್ನು ಬೇಗ ಸರಿಪಡಿಸದಿದ್ದರೆ, ಅಸಮಾನತೆಯಿಂದ ನೊಂದವರು ಈ ಸಭೆ ಇಷ್ಟು ಕಷ್ಟಪಟ್ಟು ಕಟ್ಟಿದ ಪ್ರಜಾಪ್ರಭುತ್ವದ ಕಟ್ಟಡವನ್ನೇ ಸಿಡಿಸಿಬಿಡುತ್ತಾರೆ ಎಂದು ಎಚ್ಚರಿಸುತ್ತಾರೆ.

ಇದು ತರ್ಕವೋ ಭಾವನೆಯೋ ಎಂದು ಕೇಳಿದೆ. ಹೆಚ್ಚಿನವರು ಭಾವನೆ ಎಂದರು. ಕೊನೆಯ ಬೆಂಚಿನಲ್ಲಿ ಯಾವಾಗಲೂ ಸುಮ್ಮನಿರುವ ಒಬ್ಬಳು ಹೇಳಿದಳು: "ನಮ್ಮೂರಲ್ಲಿ ಓಟು ಹಾಕೋಕೆ ಒಂದೇ ಸಾಲು ಮಿಸ್. ಜಾತ್ರೆ ಊಟಕ್ಕೆ ಮಾತ್ರ ಬೇರೆ ಸಾಲು."

ತರಗತಿ ನಿಶ್ಶಬ್ದವಾಯಿತು. ಪಾಠ ಯೋಜನೆಯಲ್ಲಿ ‘ಭಾವನೆಯ ಬಳಕೆಯನ್ನು ಗುರುತಿಸಿ ದೂರವಿಡುವರು’ ಎಂದು ಕಲಿಕಾಂಶ ಬರೆದುಕೊಂಡು ಹೋಗಿದ್ದೆ. ಅವಳ ಮಾತು ಕೇಳಿದ ಮೇಲೆ ಆ ವಾಕ್ಯ ಓದಲು ನಾಚಿಕೆಯಾಯಿತು. ಅವಳಿಗೆ ಆದ ನೋವು ತರ್ಕಕ್ಕೆ ಅಡ್ಡ ಬಂದಿರಲಿಲ್ಲ. ಭಾಷಣದ ತರ್ಕ ಎಲ್ಲರಿಗಿಂತ ಚೆನ್ನಾಗಿ ಅರ್ಥವಾದದ್ದು ಅವಳಿಗೇ. ಕೆಲವು ಸತ್ಯಗಳನ್ನು ನೋವಿಲ್ಲದೆ ಹೇಳಿದರೆ ಅರ್ಧ ಸತ್ಯವಷ್ಟೇ ಹೇಳಿದ ಹಾಗೆ.

ಹಾಗಾದರೆ ಭಾವನೆಯನ್ನು ಪರೀಕ್ಷಿಸುವುದು ಹೇಗೆ? ಮಕ್ಕಳ ಜೊತೆ ಕೂತು ಮೂರು ಪ್ರಶ್ನೆ ಮಾಡಿಕೊಂಡೆವು. ಈ ಭಾವನೆಗೆ ನಿಜವಾದ ಕಾರಣ ಇದೆಯೇ? ಕಾರಣದ ಪ್ರಮಾಣಕ್ಕೂ ಭಾವನೆಯ ಪ್ರಮಾಣಕ್ಕೂ ಹೊಂದಿಕೆ ಇದೆಯೇ? ಇದು ನಮ್ಮಿಂದ ಏನನ್ನು ಕೇಳುತ್ತಿದೆ? ಅದೇ ಭಾಷಣದಲ್ಲಿ, ಸಿಂಧ್‌ನ ದಾಹಿರ್ ರಾಜನ ಸೇನಾಧಿಪತಿಗಳು ಲಂಚ ಪಡೆದದ್ದನ್ನು ನೆನಪಿಸಿ, ಸ್ವಾತಂತ್ರ್ಯವನ್ನು ಮತ್ತೊಮ್ಮೆ ಕಳೆದುಕೊಂಡೇವು ಎಂಬ ಭಯವನ್ನೂ ಅಂಬೇಡ್ಕರ್ ಮುಂದಿಡುತ್ತಾರೆ. ಅಲ್ಲಿಯೂ ಮಕ್ಕಳು ಇದೇ ಪ್ರಶ್ನೆ ಕೇಳಿದರು. ಅವರು ಕಂಡುಕೊಂಡದ್ದು: ಈ ಭಯ ಇನ್ನೊಬ್ಬರನ್ನು ದ್ವೇಷಿಸಿ ಎನ್ನುವುದಿಲ್ಲ, ಪಂಥಕ್ಕಿಂತ ದೇಶವನ್ನು ಮೇಲಿಡಿ ಎನ್ನುತ್ತದೆ. ಎಲ್ಲ ಭಯವೂ ಹಾಗಿರುವುದಿಲ್ಲ. ಬೇರೆ ಭಾಷಣ ಕೇಳುವಾಗ ಈ ಮೂರನೇ ಪ್ರಶ್ನೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಂಬಿಕೆ: ನಮ್ಮ ಕಡೆಗೂ ತಿರುಗುವ ಪ್ರಶ್ನೆ

ಮೂರರಲ್ಲಿ ಬಹುಶಃ ಎಲ್ಲಕ್ಕಿಂತ ಬಲವಾದದ್ದು ಹೇಳುವವರ ಮೇಲಿನ ನಂಬಿಕೆ ಎಂಬುದು ಅರಿಸ್ಟಾಟಲ್‌ನ ಅಭಿಪ್ರಾಯ. ಆದರೆ ಆ ನಂಬಿಕೆ ಮೊದಲೇ ಇದ್ದ ಹೆಸರಿನಿಂದ ಬರಬಾರದು, ಮಾತಿನಿಂದಲೇ ಹುಟ್ಟಬೇಕು ಎಂದೂ ಹೇಳಿದ. ಶ್ರೇಯಸ್ಸನ್ನು ಹಂಚಿಕೊಟ್ಟಾಗ ಅಂಬೇಡ್ಕರ್ ಮೇಲೆ ನಮಗೆ ನಂಬಿಕೆ ಹೆಚ್ಚಾಗುವುದು ಹೀಗೆ. ತನಗೆ ಲಾಭವಿಲ್ಲದ ಮಾತು ಹೇಳುವವರನ್ನು ನಾವು ನಂಬುತ್ತೇವೆ.

ಅಂಥ ನಂಬಿಕೆ ಗಳಿಸಿದವರೇ ಅದೇ ಭಾಷಣದಲ್ಲಿ ಇನ್ನೊಂದು ಮಾತು ಹೇಳುತ್ತಾರೆ. ಜಾನ್ ಸ್ಟುವರ್ಟ್ ಮಿಲ್‌ನನ್ನು ನೆನೆದು, ಎಷ್ಟೇ ದೊಡ್ಡ ವ್ಯಕ್ತಿಯಾದರೂ ಅವರ ಪಾದದಡಿ ನಮ್ಮ ಸ್ವಾತಂತ್ರ್ಯವನ್ನು ಇಡಬಾರದು ಎನ್ನುತ್ತಾರೆ. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು. ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಎನ್ನುತ್ತಾರೆ. ಕೆನಡಾದ ಲೆಕ್ಕ ಹಿಡಿದ ಹುಡುಗ ಅಗೌರವ ತೋರಲಿಲ್ಲ. ಭಾಷಣ ತನ್ನ ಕೇಳುಗರಿಂದ ಏನನ್ನು ಕೇಳಿತ್ತೋ ಅದನ್ನೇ ಮಾಡಿದ. ತಪ್ಪಿಸಿಕೊಂಡವಳು ನಾನು.

ಇಲ್ಲಿ ಪ್ರಶ್ನೆ ರಾಜಕಾರಣಿಗಳಿಂದ ನಮ್ಮ ಕಡೆಗೆ ತಿರುಗುತ್ತದೆ. ಮೇಷ್ಟ್ರು ಹೇಳಿದರು, ಅದಕ್ಕೇ ಸರಿ ಎನ್ನುವ ಮಗು ನಾಳೆ ನಾಯಕರು ಹೇಳಿದರು, ಅದಕ್ಕೇ ಸರಿ ಎನ್ನುತ್ತದೆ. ಅಣುಬೋಧನೆಯಲ್ಲಿ ನಾವು ಕಲಿಯುವ ಕೌಶಲಗಳನ್ನು ಒಮ್ಮೆ ನೆನಪಿಸಿಕೊಳ್ಳಿ: ಪೀಠಿಕೆ, ವಿವರಣೆ, ಪ್ರಶ್ನಿಸುವುದು, ಪ್ರಬಲನ, ಕಪ್ಪುಹಲಗೆ ಬಳಕೆ. ಎಲ್ಲವೂ ಬೇಕಾದವೇ. ಆದರೆ ಪ್ರಶ್ನಿಸುವ ಕೌಶಲ ಎಂದರೂ ನಾವು ಮಕ್ಕಳನ್ನು ಪ್ರಶ್ನಿಸುವುದು. ಮಕ್ಕಳು ನಮ್ಮನ್ನು ಪ್ರಶ್ನಿಸಿದಾಗ ಏನು ಮಾಡಬೇಕು ಎಂಬುದಕ್ಕೆ ನಾನು ಕಂಡ ವೀಕ್ಷಣಾ ಪತ್ರದಲ್ಲಿ ಒಂದು ಸಾಲೂ ಇಲ್ಲ. ಧ್ವನಿಗೆ ಅಂಕವಿದೆ, ಚಲನೆಗೆ ಅಂಕವಿದೆ. ನಮ್ಮನ್ನು ಅಳೆಯುವ ಪಟ್ಟಿಯೂ ನಾನು ಆ ಮಕ್ಕಳನ್ನು ಅಳೆದ ಪಟ್ಟಿಯ ಅಣ್ಣನೇ.

ಒಂದು ಆಕ್ಷೇಪ, ಎರಡು ಸಲಹೆ

ತರಗತಿಗೆ ರಾಜಕೀಯ ತರಬೇಡಿ, ಅದರಲ್ಲೂ ಗಣಿತದ ಪ್ರಶಿಕ್ಷಣಾರ್ಥಿಗೆ ಇದು ಬೇಡದ ಉಸಾಬರಿ ಎಂದು ಹಿರಿಯ ಶಿಕ್ಷಕಿಯೊಬ್ಬರು ನನಗೆ ಪ್ರೀತಿಯಿಂದಲೇ ಹೇಳಿದರು. ಅವರ ಆತಂಕ ಹುರುಳಿಲ್ಲದ್ದಲ್ಲ. ಇವತ್ತಿನ ನಾಯಕರ ಭಾಷಣ ತಂದರೆ ಪಾಠ ಜಗಳವಾಗುತ್ತದೆ, ಶಿಕ್ಷಕರ ಒಲವು ಮಕ್ಕಳ ಮೇಲೆ ಬೀಳುತ್ತದೆ. ಅದಕ್ಕೇ ಹಳೆಯ, ಎಲ್ಲರಿಗೂ ಸೇರಿದ ಭಾಷಣ ಆರಿಸಿಕೊಳ್ಳಬೇಕು. ಪಕ್ಷವನ್ನು ಹೊರಗಿಡೋಣ, ಪರೀಕ್ಷಿಸುವ ಕ್ರಮವನ್ನು ಒಳಗೆ ತರೋಣ. ರಾಜಕೀಯ ಹೇಗೂ ನಮ್ಮ ತರಗತಿಗೆ ಬರುತ್ತದೆ. ಚುನಾವಣೆಯ ದಿನ ಮತಗಟ್ಟೆಯಾಗುವುದು ಇದೇ ಕೋಣೆ, ಕರ್ತವ್ಯಕ್ಕೆ ಕೂರುವವರು ಇದೇ ಶಿಕ್ಷಕರು. ಒಂಬತ್ತನೇ ತರಗತಿಯ ಮಕ್ಕಳು ಇನ್ನು ನಾಲ್ಕೈದು ವರ್ಷಕ್ಕೆ ಇಲ್ಲಿಗೇ ಬಂದು ಬೆರಳಿಗೆ ಶಾಯಿ ಹಾಕಿಸಿಕೊಳ್ಳುತ್ತಾರೆ.

ನನ್ನ ಸಲಹೆ ಎರಡೇ. ಒಂದು, ಭಾಷಣ ಸ್ಪರ್ಧೆಯ 50 ಅಂಕದಲ್ಲಿ 20ನ್ನು ಹೇಗೆ ಹೇಳಿದರು ಎಂಬುದಕ್ಕೆ ಇಟ್ಟು, 10ನ್ನು ವಿಷಯಕ್ಕೆ, 10ನ್ನು ಹೇಳಿದ್ದಕ್ಕೆ ಕೊಟ್ಟ ಆಧಾರಕ್ಕೆ, 10ನ್ನು ಕೇಳುಗ ಮಕ್ಕಳ ಒಂದು ಪ್ರಶ್ನೆಗೆ ಉತ್ತರಿಸುವುದಕ್ಕೆ ಕೊಡಿ. ಧ್ವನಿ ಬೇಡವೆಂದಲ್ಲ, ಆ ಹುಡುಗಿಯ ಮಾತು ಮೂರನೇ ಸಾಲು ದಾಟದೇ ಹೋದದ್ದೂ ನಷ್ಟವೇ. ಎರಡು, ನಮ್ಮ ವೀಕ್ಷಣಾ ಪತ್ರದಲ್ಲಿ ‘ವಿದ್ಯಾರ್ಥಿಗಳ ಆಕ್ಷೇಪಕ್ಕೆ ಸ್ಪಂದನೆ’ ಎಂಬ ಒಂದು ಸಾಲು ಸೇರಿಸಿ. ಮಾರ್ಗದರ್ಶಕ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೂತು ಅದನ್ನೂ ಗಮನಿಸುತ್ತಾರೆ ಎಂದು ಗೊತ್ತಿದ್ದರೆ, ನನ್ನಂಥವರು "ಕೂತ್ಕೋ" ಎನ್ನುವ ಮೊದಲು ಒಂದು ಕ್ಷಣ ಯೋಚಿಸುತ್ತಾರೆ.

ಅಭ್ಯಾಸ ಬೋಧನೆಯ ಕೊನೆಯ ದಿನ ಆ ಹುಡುಗಿಯನ್ನು ಕರೆದು, ನಿನಗೆ ಕಡಿಮೆ ಅಂಕ ಕೊಟ್ಟಿದ್ದು ನನ್ನ ತಪ್ಪು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಎಷ್ಟು ಕೊಡಬೇಕಿತ್ತು ಮಿಸ್?" ಎಂದು ಕೇಳಿದಳು. ಹಾಳೆ ತೆಗೆದು, ಇಬ್ಬರೂ ಕೂತು ಮತ್ತೆ ಲೆಕ್ಕ ಹಾಕಿದೆವು.